ಪೈಥಾನ್ ಡೆಸ್ಕ್‌ಟಾಪ್ ಆ್ಯಪ್‌ನೊಳಗೆ ಗ್ರಾಫ್: ಯಾವ ಕೆಲಸಕ್ಕೆ ಯಾವ ಲೈಬ್ರರಿ?

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಲಿ ಅಂಗಡಿಗೆ ಮೆಕ್ಕೆಜೋಳದ ದರ ತೋರಿಸುವ ಗ್ರಾಫ್ ಬೇಕು. ಮಂಡಕ್ಕಿ ಭಟ್ಟಿಯೊಂದಕ್ಕೆ ಒಲೆಯ ಬಿಸಿ ಏರುವುದು ಇಳಿಯುವುದು ಕಣ್ಣೆದುರೇ ಕಾಣಬೇಕು. ಕೊನೆಯ ವರ್ಷದ ಇಂಜಿನಿಯರಿಂಗ್ ಹುಡುಗರಿಗೆ ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಗಾಳಿಯಂತ್ರ ನೋಡಿ ಹುಮ್ಮಸ್ಸು ಬಂದು, ಚಿಕ್ಕ ಮಾದರಿ ಮಾಡಿ ಅದರ ನಡುಕ ಅಳೆಯಬೇಕು ಅನ್ನಿಸಿದೆ. ಮೂರೂ ಪೈಥಾನ್‌ನಲ್ಲಿ ಆಗುವ ಕೆಲಸವೇ. ಆದರೆ ಮೂರಕ್ಕೂ ಒಂದೇ ಲೈಬ್ರರಿ ಹಾಕಿದರೆ ಎಲ್ಲೋ ಒಂದು ಕಡೆ ಒದ್ದಾಟ ತಪ್ಪುವುದಿಲ್ಲ.

ವೆಬ್‌ನಲ್ಲೇ ಮಾಡಬಹುದಲ್ವಾ ಎಂದು ಕೇಳಬಹುದು. ಮಾಡಬಹುದು. ಆದರೆ ಅಂಗಡಿಯ ಕಂಪ್ಯೂಟರ್‌ಗೆ ಇಂಟರ್ನೆಟ್ ಸದಾ ಇರುತ್ತದೆ ಎಂಬ ನೆಚ್ಚಿಕೆ ಇಲ್ಲ. ಗುಮಾಸ್ತರಿಗೆ ಡೆಸ್ಕ್‌ಟಾಪ್ ಮೇಲೊಂದು ಐಕಾನ್ ಇರಬೇಕು, ಎರಡು ಸಲ ಒತ್ತಿದರೆ ತೆರೆಯಬೇಕು, ಅಷ್ಟೆ. ಯುಎಸ್‌ಬಿ ವೈರಿನಲ್ಲಿ ಸೆನ್ಸಾರ್ ಹಚ್ಚಿದ ಕಡೆಯಂತೂ ಡೆಸ್ಕ್‌ಟಾಪ್ ಆ್ಯಪ್ಪೇ ಸಲೀಸು.

ಲೈಬ್ರರಿ ಹುಡುಕುವ ಮೊದಲು

ಹೆಚ್ಚಿನವರು "ಯಾವುದು ವೇಗ?" ಎಂದು ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ನಿಮ್ಮ ಮಾಹಿತಿ ಎಷ್ಟು ವೇಗವಾಗಿ ಬರುತ್ತದೆ ಅನ್ನುವುದು. ಇದೊಂದು ಲೆಕ್ಕ ಹಾಕಿಬಿಟ್ಟರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಭಟ್ಟಿಯದ್ದೇ ನೋಡಿ. ಒಲೆಯ ಬಿಸಿ ಅಳೆಯಲು ಕೆ ಮಾದರಿಯ ಥರ್ಮೋಕಪಲ್ ಹಾಕುತ್ತಾರೆ. ಅದರ ಜೊತೆಗೆ ಹುಡುಗರು ಸಾಮಾನ್ಯವಾಗಿ ಹಚ್ಚುವ ಚಿಪ್ಪು ಮ್ಯಾಕ್ಸ್ 6675. ಅದು ಒಂದು ರೀಡಿಂಗ್ ಕೊಡಲು ಗರಿಷ್ಠ 0.22 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಸೆಕೆಂಡಿಗೆ ನಾಲ್ಕೈದು ರೀಡಿಂಗ್, ಅದಕ್ಕಿಂತ ಬಹಳ ಜಾಸ್ತಿ ಬರುವುದಿಲ್ಲ. ಇಂಥ ಕಡೆ ಸೆಕೆಂಡಿಗೆ ಅರವತ್ತು ಸಲ ಬಿಡಿಸುವ ಲೈಬ್ರರಿ ತಂದು ಏನು ಮಾಡುತ್ತೀರಿ? ಬಿಡಿಸಲು ಹೊಸದೇನೂ ಇರುವುದಿಲ್ಲ.

ಗಾಳಿಯಂತ್ರದ ಮಾದರಿಯ ಕಥೆ ಬೇರೆ. ನಡುಕ ಅಳೆಯುವ ಎಡಿಎಕ್ಸ್‌ಎಲ್ 345 ಸೆನ್ಸಾರ್ ಸೆಕೆಂಡಿಗೆ 3200 ರೀಡಿಂಗ್‌ವರೆಗೆ ಕೊಡಬಲ್ಲದು. ಆದರೆ ಅಷ್ಟೂ ಕಂಪ್ಯೂಟರ್‌ವರೆಗೆ ಬರುತ್ತದಾ? ಸೆನ್ಸಾರ್ ಹಚ್ಚುವ ಚಿಕ್ಕ ಬೋರ್ಡ್ ಆರ್ಡುಯಿನೋ ಉನೋದಿಂದ ಸೀರಿಯಲ್ ಪೋರ್ಟ್ ಮೂಲಕ 115200 ಬಾಡ್‌ನಲ್ಲಿ ಕಳಿಸಿದರೆ ಸೆಕೆಂಡಿಗೆ 11,520 ಬೈಟ್ ಬರುತ್ತದೆ (ಬಾಡ್ ಅಂದರೆ ಇಲ್ಲಿ ಸೆಕೆಂಡಿಗೆ ಹೋಗುವ ಬಿಟ್, ಒಂದು ಬೈಟ್ ಕಳಿಸಲು ಹತ್ತು ಬಿಟ್ ಬೇಕು). ಮೂರು ದಿಕ್ಕಿನ ರೀಡಿಂಗ್ ಅನ್ನು ಅಲ್ಪವಿರಾಮ ಹಾಕಿ ಒಂದು ಸಾಲಾಗಿ ಬರೆದರೆ 20 ಬೈಟ್ ಹಿಡಿಯಿರಿ. ಅಲ್ಲಿಗೆ ಸೆಕೆಂಡಿಗೆ 576 ಸಾಲು. ಅದೇ ಹಳೆಯ ಅಭ್ಯಾಸದಂತೆ 9600 ಬಾಡ್ ಇಟ್ಟಿದ್ದರೆ ಬರೀ 48 ಸಾಲು! ಗ್ರಾಫ್ ನಿಧಾನ ಎಂದು ಲೈಬ್ರರಿಯನ್ನು ಬೈಯುವ ಮೊದಲು ಬಾಡ್ ರೇಟ್ ನೋಡಿ.

ದಲ್ಲಾಲಿ ಅಂಗಡಿಯದ್ದಂತೂ ದಿನಕ್ಕೆ ಒಂದು ಚುಕ್ಕೆ. ಅಲ್ಲಿ ವೇಗದ ಮಾತೇ ಇಲ್ಲ. ಅಲ್ಲಿರುವ ಪ್ರಶ್ನೆ ಚಿತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು. ಸ್ಕ್ರೀನ್ ಮೇಲೆ ನೋಡಿ ಮುಗಿಸುತ್ತಾರಾ, ಅಥವಾ ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತಾರಾ? ಮತ್ತೆ ಅದರ ಮೇಲೆ ಕನ್ನಡ ಅಕ್ಷರ ಇರಬೇಕಾ? ಈ ಕೊನೆಯ ಪ್ರಶ್ನೆಯನ್ನು ಇಂಗ್ಲಿಷಿನ ಹೋಲಿಕೆಯ ಲೇಖನಗಳಲ್ಲಿ ಸಾಮಾನ್ಯವಾಗಿ ಕೇಳುವುದಿಲ್ಲ. ನಮಗೆ ಅದೇ ಎಷ್ಟೋ ಸಲ ತೀರ್ಮಾನ ಬದಲಿಸುತ್ತದೆ. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

ಟಿಕಿಂಟರ್ ಜೊತೆ ಮ್ಯಾಟ್‌ಪ್ಲಾಟ್‌ಲಿಬ್

ಮ್ಯಾಟ್‌ಪ್ಲಾಟ್‌ಲಿಬ್ ಬರೆದವರು ಜಾನ್ ಹಂಟರ್. ಅವರು ನರವಿಜ್ಞಾನಿ. ಮೂರ್ಛೆ ರೋಗಿಗಳ ಮೆದುಳಿನ ಸಂಕೇತಗಳನ್ನು ನೋಡಲು ಒಂದು ಆ್ಯಪ್ ಬೇಕಿತ್ತು. ಅದಕ್ಕೆಂದು ಶುರುವಾಗಿ 2003ರಲ್ಲಿ ಹೊರಬಂದ ಲೈಬ್ರರಿ ಇದು. ಗ್ರಾಫನ್ನು ವಿಂಡೋ ಇರುವ ಆ್ಯಪ್‌ನೊಳಗೆ ಕೂರಿಸಲು ಬರಬೇಕು ಎನ್ನುವುದು ಮೊದಲಿಂದಲೂ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಹಾಗಾಗಿ ಇದು ಆಮೇಲೆ ಅಂಟಿಸಿದ ಸೌಲಭ್ಯ ಅಲ್ಲ. ಟಿಕಿಂಟರ್, ಕ್ಯೂಟಿ, ಡಬ್ಲ್ಯೂಎಕ್ಸ್, ಜಿಟಿಕೆ, ವಿಂಡೋ, ಬಟನ್ ಕಟ್ಟಿಕೊಡುವ ಈ ಎಲ್ಲ ಲೈಬ್ರರಿಗಳ ಒಳಗೂ ಕೂರುತ್ತದೆ.

ಟಿಕಿಂಟರ್ ಪೈಥಾನ್ ಜೊತೆಗೇ ಬರುತ್ತದೆ. ವಿಂಡೋಸ್‌ನಲ್ಲಿ ಬೇರೆ ಏನೂ ಹಾಕಬೇಕಿಲ್ಲ. ಉಬುಂಟುವಿನಲ್ಲಿ ಮಾತ್ರ ಅದರ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಒಂದೇ ವಿಂಡೋ, ನಾಲ್ಕು ಬಟನ್, ಒಂದು ಗ್ರಾಫ್, ಇಷ್ಟೇ ಆ್ಯಪ್ ಆದರೆ ಇದರಷ್ಟು ಬೇಗ ಮುಗಿಯುವುದು ಬೇರೆ ಇಲ್ಲ. ಭಟ್ಟಿಯ ಕೆಲಸಕ್ಕೆ ನಾನು ಇದನ್ನೇ ಹೇಳುತ್ತೇನೆ.

ಇಲ್ಲಿ ಎಡವುವ ಜಾಗಗಳು ಗೊತ್ತಿದ್ದರೆ ಸಾಕು. ಮೊದಲನೆಯದು ಪೈಪ್ಲಾಟ್, ಅಂದರೆ ಮ್ಯಾಟ್‌ಪ್ಲಾಟ್‌ಲಿಬ್ ಅನ್ನು ಸುಲಭವಾಗಿ ಬಳಸಲು ಇರುವ ಭಾಗ. ಪಾಠದಲ್ಲಿ ಎಲ್ಲರೂ ಪೈಪ್ಲಾಟ್‌ನಿಂದಲೇ ಕಲಿಯುತ್ತಾರೆ. ಆದರೆ ಆ್ಯಪ್‌ನೊಳಗೆ ಕೂರಿಸುವಾಗ ಅದನ್ನು ಮುಟ್ಟಬೇಡಿ. ಪೈಪ್ಲಾಟ್ ತಾನು ಮಾಡಿದ ಪ್ರತಿ ಚಿತ್ರವನ್ನೂ ತನ್ನ ಬಳಿಯೇ ನೆನಪಿಟ್ಟುಕೊಳ್ಳುತ್ತದೆ. ನೀವು ವಿಂಡೋ ಮುಚ್ಚಿದರೂ ಅದು ಬಿಡುವುದಿಲ್ಲ. 20 ಚಿತ್ರ ದಾಟಿದ ಮೇಲೆ ಎಚ್ಚರಿಕೆ ಕೊಡುವುದೂ ಇದಕ್ಕೇ. ಬೆಳಗಿನಿಂದ ಸಂಜೆವರೆಗೆ ತೆರೆದಿರುವ ಆ್ಯಪ್‌ನಲ್ಲಿ ಹೀಗಾದರೆ ಸಂಜೆ ಹೊತ್ತಿಗೆ ಮೆಮೊರಿ ತುಂಬಿ ಯಂತ್ರ ತೆವಳುತ್ತದೆ. ನೇರವಾಗಿ ಫಿಗರ್ ಕ್ಲಾಸಿನಿಂದ ಚಿತ್ರ ಮಾಡಿ, ಅದನ್ನು ಟಿಕಿಂಟರ್ ವಿಂಡೋದಲ್ಲಿ ಗ್ರಾಫ್ ಕೂರಿಸುವ ಟಿಕೆಆಗ್ ಕ್ಯಾನ್ವಾಸ್‌ಗೆ ಕೊಡಿ.

ಎರಡನೆಯದು ಟೂಲ್‌ಬಾರ್. ಹಿಗ್ಗಿಸುವ, ಸರಿಸುವ, ಉಳಿಸುವ ಬಟನ್‌ಗಳಿರುವ ಆ ಪಟ್ಟಿ ತನ್ನನ್ನು ತಾನೇ ಪ್ಯಾಕ್ ವಿಧಾನದಲ್ಲಿ ಕೂರಿಸಿಕೊಳ್ಳುತ್ತದೆ. ನೀವು ಉಳಿದದ್ದೆಲ್ಲ ಗ್ರಿಡ್‌ನಲ್ಲಿ ಜೋಡಿಸಿದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ, ಆ್ಯಪ್ ದೋಷ ತೋರಿಸಿ ನಿಲ್ಲುತ್ತದೆ. ಟೂಲ್‌ಬಾರ್‌ಗೆ ಒಂದು ಪ್ರತ್ಯೇಕ ಫ್ರೇಮ್ ಕೊಟ್ಟುಬಿಡಿ, ಗಲಾಟೆ ಇರುವುದಿಲ್ಲ.

ಮೂರನೆಯದು ಥ್ರೆಡ್, ಅಂದರೆ ಒಂದೇ ಆ್ಯಪ್‌ನೊಳಗೆ ಪಕ್ಕಪಕ್ಕದಲ್ಲಿ ಓಡುವ ಕೆಲಸದ ಎಳೆ. ಸೆನ್ಸಾರ್ ಓದುವ ಥ್ರೆಡ್ ಬೇರೆ ಇರಲಿ. ಆದರೆ ಅದು ವಿಂಡೋವನ್ನು ಮುಟ್ಟಬಾರದು. ಓದಿದ್ದನ್ನು ಕ್ಯೂನಲ್ಲಿ, ಅಂದರೆ ಸರದಿ ಸಾಲಿನಲ್ಲಿ ಹಾಕಲಿ. ವಿಂಡೋ ಕಡೆಯಿಂದ ಆಫ್ಟರ್ ಎಂಬ ಮೆಥಡ್ ಬಳಸಿ ಆಗಾಗ ಕ್ಯೂ ಖಾಲಿ ಮಾಡಿ ಗೆರೆಯನ್ನು ಬದಲಿಸಿ. ಆಗಲೂ ಇಡೀ ಗ್ರಾಫ್ ಅಳಿಸಿ ಮತ್ತೆ ಬಿಡಿಸಬೇಡಿ. ಇರುವ ಗೆರೆಗೇ ಸೆಟ್ ಡೇಟಾ ಮಾಡಿ, ಡ್ರಾ ಐಡಲ್ ಕರೆಯಿರಿ. ಸೆಕೆಂಡಿಗೆ ನಾಲ್ಕೈದು ಸಲಕ್ಕೆ ಇದು ಆರಾಮಾಗಿ ಸಾಕು.

ಕ್ಯೂಟಿಯೊಳಗೆ ಮ್ಯಾಟ್‌ಪ್ಲಾಟ್‌ಲಿಬ್

ಆ್ಯಪ್ ಸ್ವಲ್ಪ ದೊಡ್ಡದಾದರೆ, ಅಂದರೆ ಪಟ್ಟಿ, ಟ್ಯಾಬ್, ಹುಡುಕುವ ಸೌಲಭ್ಯ, ಪ್ರಿಂಟ್ ಎಲ್ಲ ಬೇಕಾದರೆ, ಟಿಕಿಂಟರ್ ಬಿಟ್ಟು ಕ್ಯೂಟಿಗೆ ಬರುವುದು ಒಳ್ಳೆಯದು. ಗ್ರಾಫ್ ಬಿಡಿಸುವುದು ಅದೇ ಮ್ಯಾಟ್‌ಪ್ಲಾಟ್‌ಲಿಬ್. ಕ್ಯಾನ್ವಾಸ್ ಮಾತ್ರ ಕ್ಯೂಟಿಯದ್ದು. 3.5ನೇ ಆವೃತ್ತಿಯಿಂದ ಕ್ಯೂಟಿಆಗ್ ಎಂಬ ಒಂದೇ ಬ್ಯಾಕೆಂಡ್ (ಚಿತ್ರವನ್ನು ನಿಜಕ್ಕೂ ಬಿಡಿಸುವ ಒಳಭಾಗ) ಕ್ಯೂಟಿ 5, ಕ್ಯೂಟಿ 6 ಎರಡಕ್ಕೂ ಆಗುತ್ತದೆ. ಹಳೆಯ ಪಾಠಗಳಲ್ಲಿ ಐದು ಎಂಬ ಅಂಕಿ ಇರುವ ಹೆಸರು ಕಂಡರೆ ಗಾಬರಿ ಬೇಡ.

ಈ ಜೋಡಿ ಯಾವ ಕೆಲಸಕ್ಕೆ ಸರಿ? ನಿಂತ ಮಾಹಿತಿ, ಅಂದವಾದ ಚಿತ್ರ, ಕೈಗೆ ಬರುವ ಕಾಗದ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ, ನಮ್ಮ ಕಡೆಯವರ ಮಾರಿಕಣಿವೆ. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲೇ. ಈ 89 ವರ್ಷಗಳ ದಿನದಿನದ ಮಟ್ಟವನ್ನು ಒಂದು ಗ್ರಾಫಿನಲ್ಲಿ ಹಾಕಬೇಕು ಎಂದಿಟ್ಟುಕೊಳ್ಳಿ. ಒಟ್ಟು ಮೂವತ್ತೆರಡು ಸಾವಿರಕ್ಕೂ ಜಾಸ್ತಿ ಚುಕ್ಕೆ. ಮ್ಯಾಟ್‌ಪ್ಲಾಟ್‌ಲಿಬ್ ಇದನ್ನು ಉಸಿರು ಕಟ್ಟದೆ ಬಿಡಿಸುತ್ತದೆ. 130ಕ್ಕೆ ಒಂದು ಅಡ್ಡ ಗೆರೆ, ಕೋಡಿ ಬಿದ್ದ ವರ್ಷಗಳಿಗೆ ಒಂದೊಂದು ಗುರುತು, ಕೆಳಗೆ ತಾನಾಗಿಯೇ ಹೊಂದಿಕೊಳ್ಳುವ ವರ್ಷಗಳು. ಪಿಡಿಎಫ್ ಮಾಡಿದರೆ ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯುವುದಿಲ್ಲ. ಈ ಕೆಲಸದಲ್ಲಿ ಇದಕ್ಕೆ ಸಾಟಿ ಇಲ್ಲ ಎಂದೇ ನನ್ನ ಅಭಿಪ್ರಾಯ.

ದಲ್ಲಾಲಿ ಅಂಗಡಿಯ ದರದ ಗ್ರಾಫಿಗೂ ಇದೇ ಸರಿ. ಅಲ್ಲಿ ಎರಡು ಸಣ್ಣ ವಿಷಯ ಗಮನಿಸಿ. ಮಾರುಕಟ್ಟೆ ರಜೆಯ ದಿನ ದರ ಇರುವುದಿಲ್ಲ. ಆ ದಿನಗಳಿಗೆ ಸೊನ್ನೆ ತುಂಬಿದರೆ ಗೆರೆ ಪಾತಾಳಕ್ಕೆ ಬಿದ್ದು ಏಳುತ್ತದೆ, ನೋಡಿದವರ ಎದೆ ಧಸಕ್ ಅನ್ನುತ್ತದೆ. ಖಾಲಿ ಎಂಬ ಅರ್ಥದ ನ್ಯಾನ್ ಹಾಕಿ, ಗೆರೆ ಅಲ್ಲಿ ತುಂಡಾಗಲಿ. ಇನ್ನೊಂದು, ದೊಡ್ಡ ಮೊತ್ತಗಳು. ಆವಕದ ಮೌಲ್ಯ ಹತ್ತು ಲಕ್ಷ, ಕೋಟಿ ದಾಟಿದಾಗ ಮ್ಯಾಟ್‌ಪ್ಲಾಟ್‌ಲಿಬ್ ಮೂಲೆಯಲ್ಲಿ ಹತ್ತರ ಘಾತ ಬರೆದು ಅಕ್ಷದ ಮೇಲೆ ಚಿಕ್ಕ ಅಂಕಿ ಇಡುತ್ತದೆ. ವ್ಯಾಪಾರಿಗೆ ಅದು ಬೇಡ. ಅವರಿಗೆ 12,50,000 ಎಂದೇ ಕಾಣಬೇಕು. ಅದಕ್ಕೆ ನಿಮ್ಮದೇ ಒಂದು ಫಾರ್ಮ್ಯಾಟರ್ ಫಂಕ್ಷನ್ ಬರೆಯಬೇಕು, ಏಕೆಂದರೆ ಸಿದ್ಧವಾಗಿರುವ ಅಲ್ಪವಿರಾಮ ಮೂರು ಮೂರು ಅಂಕಿಗೆ ಬೀಳುತ್ತದೆ. ಹತ್ತು ಸಾಲಿನ ಕೆಲಸ. ಮಾಡಿಬಿಡಿ.

ಓಡುವ ಗ್ರಾಫಿಗೆ ಮಾತ್ರ ಇದು ಸುಸ್ತಾಗುತ್ತದೆ. ಕಾರಣ ಸರಳ. ಪ್ರತಿ ಸಲ ಬಿಡಿಸುವಾಗಲೂ ಅದು ಅಕ್ಷ, ಅಂಕಿ, ಅಕ್ಷರ, ಗೆರೆ ಎಲ್ಲವನ್ನೂ ಮೊದಲಿಂದ ಚಿತ್ರಿಸುತ್ತದೆ. ಅಂದಕ್ಕೆ ಕೊಡುವ ಬೆಲೆ ಅದು. ಹಿನ್ನೆಲೆಯನ್ನು ಒಮ್ಮೆ ಹಿಡಿದಿಟ್ಟು, ಗೆರೆಯನ್ನಷ್ಟೇ ಮತ್ತೆ ಮತ್ತೆ ಎಳೆಯುವ ಬ್ಲಿಟ್ ಎಂಬ ಉಪಾಯ ಇದೆ. ಕೆಲಸ ಮಾಡುತ್ತದೆ. ಆದರೆ ವಿಂಡೋ ದೊಡ್ಡದು ಮಾಡಿದಾಗ, ಅಕ್ಷದ ಮಿತಿ ಬದಲಾದಾಗ ಹಿನ್ನೆಲೆಯನ್ನು ಮತ್ತೆ ಹಿಡಿಯಬೇಕು. ಅಷ್ಟು ಪಾಡು ಪಡುವ ಹೊತ್ತಿಗೆ ಮುಂದಿನದಕ್ಕೆ ಹೋಗುವುದೇ ಲೇಸು.

ಪೈಕ್ಯೂಟಿಗ್ರಾಫ್

ಲ್ಯೂಕ್ ಕ್ಯಾಂಪಗ್ನೋಲಾ ಶುರು ಮಾಡಿದ ಲೈಬ್ರರಿ. ಅಂಕಿಗಳ ಲೆಕ್ಕಕ್ಕೆ ಇರುವ ನಂಪೈ ಲೈಬ್ರರಿ ಮತ್ತು ಕ್ಯೂಟಿಯ ಚಿತ್ರ ಬಿಡಿಸುವ ವ್ಯವಸ್ಥೆ, ಇವೆರಡರ ಮೇಲೆ ನಿಂತಿದೆ. ಕ್ಯೂಟಿ ಆ್ಯಪ್‌ನಲ್ಲಿ ಇದರ ಪ್ಲಾಟ್ ವಿಜೆಟ್ ಬೇರೆ ಯಾವುದೇ ಬಟನ್ ಇಟ್ಟಂತೆ ಇಟ್ಟರಾಯಿತು. ಮೌಸ್ ಚಕ್ರ ತಿರುಗಿಸಿದರೆ ಹಿಗ್ಗುತ್ತದೆ, ಹಿಡಿದು ಎಳೆದರೆ ಸರಿಯುತ್ತದೆ. ಇದಕ್ಕೆ ನೀವು ಒಂದು ಸಾಲೂ ಬರೆಯಬೇಕಿಲ್ಲ.

ಗಾಳಿಯಂತ್ರದ ಹುಡುಗರಿಗೆ ಇದನ್ನೇ ಹೇಳುತ್ತೇನೆ, ಬೇರೆ ಮಾತಿಲ್ಲ. ಇನ್ನೂ ಒಂದು ಕಾರಣ ಇದೆ. ಗ್ರಾಫಿನ ಮೇಲೆ ಬಲಗಡೆಯ ಬಟನ್ ಒತ್ತಿದರೆ ಬರುವ ಮೆನುವಿನಲ್ಲೇ ಎಫ್‌ಎಫ್‌ಟಿ ಇದೆ. ನಡುಕದ ಗೆರೆ ನೋಡುತ್ತಾ ನೋಡುತ್ತಾ, ಯಾವ ಕಂಪನಾಂಕದಲ್ಲಿ ಜಾಸ್ತಿ ಶಕ್ತಿ ಇದೆ ಎಂದು ಅಲ್ಲೇ ತಿರುಗಿಸಿ ನೋಡಬಹುದು. ರೆಕ್ಕೆಯ ತೂಕ ಏರುಪೇರಾಗಿದ್ದರೆ ಅದು ಸುತ್ತುವ ವೇಗದಲ್ಲೇ ಒಂದು ಶಿಖರ ಎದ್ದು ಕಾಣುತ್ತದೆ. ಪ್ರಾಜೆಕ್ಟ್ ನೋಡಲು ಬಂದ ಪರೀಕ್ಷಕರ ಮುಂದೆ ಇದನ್ನು ತೋರಿಸಿದರೆ ಮಾತು ಚೆನ್ನಾಗಿ ಬೆಳೆಯುತ್ತದೆ.

ಸೆಕೆಂಡಿಗೆ 576 ಸಾಲು ಬಂದರೆ ಗ್ರಾಫನ್ನೂ 576 ಸಲ ಬಿಡಿಸಬೇಕು ಅಂತಲ್ಲ. ಬಂದದ್ದನ್ನು ನಂಪೈ ಅರೇಗೆ ತುಂಬುತ್ತಾ ಹೋಗಿ. ಒಂದು ಟೈಮರ್ ಇಟ್ಟು ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ಮಾತ್ರ ಸೆಟ್ ಡೇಟಾ ಮಾಡಿ. ಕಣ್ಣಿಗೆ ಅಷ್ಟು ಸಾಕು. ಸೀರಿಯಲ್ ಓದುವುದನ್ನು ಕ್ಯೂಥ್ರೆಡ್‌ಗೆ ಬಿಡಿ, ಅಲ್ಲಿಂದ ಸಿಗ್ನಲ್ ಮೂಲಕ ಕಳಿಸಿ.

ಇನ್ನು ಚುಕ್ಕೆಗಳ ಸಂಖ್ಯೆ. ನಮ್ಮಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳ ಸ್ಕ್ರೀನ್ ಅಗಲ ಇಂದಿಗೂ 1366 ಪಿಕ್ಸೆಲ್. ಅದರಲ್ಲಿ ಗ್ರಾಫಿಗೆ ಸಿಗುವುದು ಸಾವಿರದಷ್ಟು. ಸಾವಿರ ಪಿಕ್ಸೆಲ್‌ನಲ್ಲಿ ಹತ್ತು ಲಕ್ಷ ಚುಕ್ಕೆ ಹಾಕಿದರೆ ಒಂದೊಂದು ಪಿಕ್ಸೆಲ್ ಕಂಬದ ಮೇಲೂ ಸಾವಿರ ಚುಕ್ಕೆ ಕೂತಿರುತ್ತವೆ. ಅದನ್ನು ಯಾರು ನೋಡಬೇಕು? ಹಾಗಾಗಿ ಪೈಕ್ಯೂಟಿಗ್ರಾಫ್‌ನ ಡೌನ್‌ಸ್ಯಾಂಪ್ಲಿಂಗ್ ಚಾಲೂ ಮಾಡಿ. ಕ್ಲಿಪ್ ಟು ವ್ಯೂ ಅನ್ನೂ ಚಾಲೂ ಮಾಡಿ, ಕಾಣುವ ಭಾಗವನ್ನಷ್ಟೇ ಬಿಡಿಸುತ್ತದೆ. ಡೌನ್‌ಸ್ಯಾಂಪ್ಲಿಂಗ್‌ನಲ್ಲಿ ಪೀಕ್ ಎಂಬ ವಿಧಾನವನ್ನೇ ಆರಿಸಿ. ಸರಾಸರಿ ತೆಗೆಯುವ ವಿಧಾನ ಆರಿಸಿದರೆ ಒಂದೇ ಕ್ಷಣದ ಜೋರು ಏಟು ಸರಾಸರಿಯಲ್ಲಿ ಕರಗಿ ಹೋಗುತ್ತದೆ. ನಡುಕ ಅಳೆಯುವವರಿಗೆ ಬೇಕಾದದ್ದೇ ಆ ಏಟು. ಪೀಕ್ ವಿಧಾನ ಪ್ರತಿ ಗುಂಪಿನ ಕನಿಷ್ಠ, ಗರಿಷ್ಠ ಎರಡನ್ನೂ ಉಳಿಸಿಕೊಳ್ಳುತ್ತದೆ.

ಗೆರೆ ದಪ್ಪ ಮಾಡುವ ಆಸೆಯನ್ನೂ ಸ್ವಲ್ಪ ತಡೆಯಿರಿ. ಒಂದು ಪಿಕ್ಸೆಲ್‌ಗಿಂತ ದಪ್ಪ ಗೆರೆ ಎಳೆದರೆ ವೇಗ ಕುಸಿಯುತ್ತದೆ. ಗೆರೆಯ ಅಂಚನ್ನು ನುಣುಪು ಮಾಡುವ ಆಂಟಿ ಏಲಿಯಾಸಿಂಗ್ ಮೊದಲಿಂದಲೇ ಆಫ್ ಇರುತ್ತದೆ, ಓಡುವ ಗ್ರಾಫಿನಲ್ಲಿ ಹಾಗೇ ಬಿಡಿ.

ಈ ಲೈಬ್ರರಿಗೆ ಕೆಲವು ವಿಚಿತ್ರ ಚಾಳಿಗಳಿವೆ. ಹಿನ್ನೆಲೆ ಕಪ್ಪು. ಬಿಳಿ ಬೇಕಾದರೆ ಶುರುವಿನಲ್ಲೇ ಹೇಳಬೇಕು. ಅಕ್ಷಕ್ಕೆ ಏಕಮಾನ ಕೊಟ್ಟರೆ ಸಾವಿರ ದಾಟಿದ ಕೂಡಲೇ ತಾನೇ ಕಿಲೋ ಮಾಡಿಬಿಡುತ್ತದೆ. ವೋಲ್ಟಿಗೆ ಅದು ಚೆಂದ. ಕ್ವಿಂಟಾಲಿಗೆ ಎರಡು ಸಾವಿರ ರೂಪಾಯಿ ಎನ್ನುವುದನ್ನು "2 ಕಿಲೋ ರೂಪಾಯಿ" ಎಂದು ತೋರಿಸಿದರೆ ಸಾವ್ಕಾರರು ಏನೆಂದಾರು? ಆಟೋ ಎಸ್‌ಐ ಪ್ರಿಫಿಕ್ಸ್ ಆಫ್ ಮಾಡಿ.

ತಾರೀಕಿನದ್ದು ಇನ್ನೊಂದು. ಇದರ ಡೇಟ್ ಆಕ್ಸಿಸ್ ಯುನಿಕ್ಸ್ ಸೆಕೆಂಡುಗಳನ್ನು (1970ರ ಆರಂಭದಿಂದ ಎಣಿಸಿದ ಸೆಕೆಂಡುಗಳು) ತೆಗೆದುಕೊಂಡು ಕಂಪ್ಯೂಟರಿನ ಸ್ಥಳೀಯ ಸಮಯದಲ್ಲಿ ತೋರಿಸುತ್ತದೆ. ಆದರೆ ಕೋಷ್ಟಕದ ಮಾಹಿತಿ ನಿಭಾಯಿಸುವ ಪಾಂಡಾಸ್ ಲೈಬ್ರರಿ, ವಲಯ ಹೇಳದ ಸಮಯವನ್ನು ಯುಟಿಸಿ ಎಂದು ಹಿಡಿದು ಸೆಕೆಂಡು ಮಾಡುತ್ತದೆ. ಫಲ, ಬೆಳಗ್ಗೆ ಹತ್ತಕ್ಕೆ ಬರೆದ ದರ ಗ್ರಾಫಿನಲ್ಲಿ ಮಧ್ಯಾಹ್ನ ಮೂರೂವರೆಗೆ ಕೂರುತ್ತದೆ. ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಬೇರೆಲ್ಲೂ ಹುಡುಕಬೇಡಿ, ಇದೇ ಕಾರಣ. ಸಮಯಕ್ಕೆ ಏಷ್ಯಾ ಕೋಲ್ಕತಾ ವಲಯ ಹಚ್ಚಿ ಆಮೇಲೆ ಸೆಕೆಂಡು ಮಾಡಿ.

ಕಾಗದದ ಮೇಲೆ ಮಾತ್ರ ಇದರ ಚಿತ್ರ ಮ್ಯಾಟ್‌ಪ್ಲಾಟ್‌ಲಿಬ್‌ನಷ್ಟು ಅಂದ ಬರುವುದಿಲ್ಲ. ಓಡುವುದನ್ನು ಇದರಲ್ಲಿ ತೋರಿಸಿ, "ವರದಿ" ಎಂಬ ಬಟನ್ ಒತ್ತಿದಾಗ ಅದೇ ಮಾಹಿತಿಯನ್ನು ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕೊಟ್ಟು ಪಿಡಿಎಫ್ ಮಾಡಿ. ಎರಡೂ ಒಂದೇ ಆ್ಯಪ್‌ನಲ್ಲಿ ಇರಬಾರದು ಎಂಬ ಕಾನೂನೇನೂ ಇಲ್ಲ.

ಕನ್ನಡ ಬರೆದರೆ ಏನಾಗುತ್ತದೆ

ಈಗ ಆ ಕೊನೆಯ ಪ್ರಶ್ನೆ. ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಜೊತೆಗೆ ತರುವ ಫಾಂಟ್ ಡೇಜಾವು ಸಾನ್ಸ್. ಅದರಲ್ಲಿ ಕನ್ನಡ ಇಲ್ಲ. ಹಾಗಾಗಿ ಮೊದಲ ಸಲ ಕನ್ನಡ ಬರೆದಾಗ ಸಾಲಾಗಿ ಚೌಕಗಳು ಬರುತ್ತವೆ. ಫಾಂಟ್ ಬದಲಿಸಿ, ವಿಂಡೋಸ್‌ನ ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡ ಹಾಕಿದರೆ ಅಕ್ಷರ ಬರುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೀರಿ. ಮುಗಿದಿಲ್ಲ.

ಕನ್ನಡಕ್ಕೆ ಅಕ್ಷರ ಇದ್ದರೆ ಸಾಲದು, ಅವನ್ನು ಜೋಡಿಸಬೇಕು. ವ್ಯಂಜನ, ಹಲಂತದ ಚಿಹ್ನೆ, ಇನ್ನೊಂದು ವ್ಯಂಜನ ಸೇರಿ ಒತ್ತಕ್ಷರ ಆಗಬೇಕು. ಈ ಜೋಡಣೆಯ ಕೆಲಸವನ್ನು ಹಾರ್ಫ್‌ಬಜ್‌ನಂಥ ಒಂದು ಎಂಜಿನ್ ಮಾಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ 3.10ರವರೆಗಿನ ಆವೃತ್ತಿಗಳ ಮಾಮೂಲಿ ಬ್ಯಾಕೆಂಡ್‌ನಲ್ಲಿ ಅದು ಇಲ್ಲ. ಒಂದರ ಪಕ್ಕ ಒಂದು ಅಕ್ಷರ ಇಡುತ್ತಾ ಹೋಗುತ್ತದೆ ಅಷ್ಟೆ. ಗ್ರಾಫಿನ ತಲೆಬರಹಕ್ಕೆ "ದಾವಣಗೆರೆ" ಎಂದು ಬರೆದರೆ ಹೇಗೋ ಓದಿಸಿಕೊಂಡು ಹೋಗುತ್ತದೆ, ಒತ್ತಕ್ಷರ ಇಲ್ಲವಲ್ಲ. "ಚಿತ್ರದುರ್ಗ" ಎಂದು ಬರೆದು ನೋಡಿ, ಬಣ್ಣ ಬಯಲಾಗುತ್ತದೆ. ತಕಾರದ ಕೆಳಗೆ ಹೋಗಬೇಕಾದ ಒತ್ತು ಪಕ್ಕಕ್ಕೆ ಬಿದ್ದಿರುತ್ತದೆ. ಗಕಾರದ ಮುಂದೆ ಬರಬೇಕಾದ ಅರ್ಕಾವತ್ತು ಅರ್ಧ ರಕಾರವಾಗಿ ಹಿಂದೆಯೇ ಕೂತಿರುತ್ತದೆ. ಮೆಕ್ಕೆಜೋಳಕ್ಕೂ ಕ್ವಿಂಟಾಲಿಗೂ ಇದೇ ಗತಿ. ಯಾವ ಲೈಬ್ರರಿ ಪರೀಕ್ಷಿಸುವಾಗಲೂ "ದರ" ಎಂಬ ಸುಲಭದ ಪದ ಹಾಕಿ ನೋಡಬೇಡಿ, "ಚಿತ್ರದುರ್ಗ" ಹಾಕಿ ನೋಡಿ.

ಕ್ಯೂಟಿ ಒಳಗೆ ಹಾರ್ಫ್‌ಬಜ್ ಇದೆ. ಅಕ್ಷರಗಳನ್ನು ಕ್ಯೂಟಿಯೇ ಬಿಡಿಸುವುದರಿಂದ ಪೈಕ್ಯೂಟಿಗ್ರಾಫ್‌ನಲ್ಲೂ ಕನ್ನಡ ಸರಿಯಾಗಿ ಬರುತ್ತದೆ. ಟಿಕಿಂಟರ್‌ನ ಲೇಬಲ್, ಬಟನ್‌ಗಳಲ್ಲಿ ವಿಂಡೋಸ್ ಮೇಲೆ ಸರಿ ಬರುತ್ತದೆ, ಏಕೆಂದರೆ ಜೋಡಣೆಯನ್ನು ವಿಂಡೋಸ್ಸೇ ಮಾಡಿಕೊಡುತ್ತದೆ. ಅದೇ ಆ್ಯಪ್ ಅನ್ನು ಟಿಕಿಂಟರ್‌ನ ಒಳಗಿರುವ ಟಿಕೆಯ 8.6 ಆವೃತ್ತಿ ಇರುವ ಉಬುಂಟುವಿನಲ್ಲಿ ಓಡಿಸಿದರೆ ಅಲ್ಲೂ ಒತ್ತು ಕಳಚುತ್ತದೆ. ಡಿಯರ್ ಪೈಗುಯಿ ಎಂಬ ಇನ್ನೊಂದು ವೇಗದ ಲೈಬ್ರರಿ ಇದೆ, ಗ್ರಾಫಿಕ್ಸ್ ಕಾರ್ಡ್ ಬಳಸಿ ಬಿಡಿಸುತ್ತದೆ, ನೋಡಲು ಭರ್ಜರಿ. ಅದರಲ್ಲೂ ಜೋಡಣೆ ಇಲ್ಲ. ಕನ್ನಡ ಆ್ಯಪ್ ಎಂದರೆ ಅದನ್ನು ಅಲ್ಲಿಗೇ ಬಿಡಬೇಕು, ಎಷ್ಟೇ ವೇಗ ಇರಲಿ.

ಹಾಗಾದರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡ ಬೇಕಾದವರು ಏನು ಮಾಡಬೇಕು? ದಾರಿಗಳಿವೆ. ಸುಲಭದ್ದು, ಕನ್ನಡವನ್ನು ಗ್ರಾಫಿನ ಹೊರಗಿಡುವುದು. ತಲೆಬರಹ, ಬಣ್ಣಗಳ ವಿವರ, ಅಕ್ಷದ ಹೆಸರು ಎಲ್ಲವನ್ನೂ ಕ್ಯೂಟಿಯ ಲೇಬಲ್‌ಗಳಾಗಿ ಕ್ಯಾನ್ವಾಸ್‌ನ ಸುತ್ತ ಇಡಿ. ಒಳಗೆ ಬರೀ ಅಂಕಿಗಳಿರಲಿ. ಆಗ ಉಳಿಸುವಾಗ ಟೂಲ್‌ಬಾರಿನ ಬಟನ್ ನೆಚ್ಚಬೇಡಿ, ಅದು ಗ್ರಾಫನ್ನಷ್ಟೇ ಉಳಿಸುತ್ತದೆ. ಹೊರಗಿನ ವಿಜೆಟ್ ಅನ್ನೇ ಗ್ರ್ಯಾಬ್ ಮಾಡಿ ಚಿತ್ರ ಮಾಡಿಕೊಳ್ಳಿ.

ಕಾಗದಕ್ಕೆ ಹೋಗುವ ವರದಿಗೆ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಚಿತ್ರವನ್ನು ಎಸ್‌ವಿಜಿ ಆಗಿ ಉಳಿಸಿ, ಉಳಿಸುವ ಮೊದಲು ಎಸ್‌ವಿಜಿ ಫಾಂಟ್‌ಟೈಪ್ ಎಂಬ ಸೆಟ್ಟಿಂಗನ್ನು "ನನ್" ಮಾಡಿ. ಆಗ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ತಾನು ಬಿಡಿಸದೆ, ಅಕ್ಷರವಾಗಿಯೇ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲನ್ನು ಬ್ರೌಸರ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ ತೆರೆದರೆ ಜೋಡಣೆಯನ್ನು ಅವು ಮಾಡುತ್ತವೆ. ಒತ್ತು, ಅರ್ಕಾವತ್ತು ಎಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಅಗಲದ ಅಂದಾಜು ಮಾತ್ರ ಮ್ಯಾಟ್‌ಪ್ಲಾಟ್‌ಲಿಬ್‌ನದ್ದೇ ಆದ್ದರಿಂದ ಉದ್ದದ ತಲೆಬರಹ ಸ್ವಲ್ಪ ಆಚೀಚೆ ಆಗಬಹುದು. ಇನ್ನು ಎಂಪಿಎಲ್‌ಕೈರೋ ಎಂಬ ಬೇರೆ ಬ್ಯಾಕೆಂಡ್ ಇದೆ, ಅದು ರಾಕ್ಮ್ ಲೈಬ್ರರಿಯ ಸಹಾಯದಿಂದ ಜೋಡಣೆ ಮಾಡಬಲ್ಲದು. ಹಚ್ಚಿಕೊಳ್ಳುವುದು ಸ್ವಲ್ಪ ತ್ರಾಸು. ಲಿನಕ್ಸ್‌ನವರು ಪ್ರಯತ್ನಿಸಲಿ.

ಪ್ಲಾಟ್ಲಿ ಮತ್ತು ಉಳಿದವು

ಕ್ಯೂಟಿಯೊಳಗೆ ವೆಬ್‌ಎಂಜಿನ್ ಇಟ್ಟು ಅದರಲ್ಲಿ ವೆಬ್ ಪುಟವಾಗಿ ಗ್ರಾಫ್ ಬಿಡಿಸುವ ಪ್ಲಾಟ್ಲಿ ತೋರಿಸುವುದು ಇನ್ನೊಂದು ದಾರಿ. ಕನ್ನಡ ಚೆನ್ನಾಗಿ ಬರುತ್ತದೆ. ಮೌಸ್ ಇಟ್ಟ ಕಡೆ ದರ, ತಾರೀಕು ಚಂದವಾಗಿ ಮೇಲೇಳುತ್ತದೆ. ಆದರೆ ಒಳಗೆ ಕೂತಿರುವುದು ಇಡೀ ಕ್ರೋಮಿಯಂ ಬ್ರೌಸರ್. ಒಂದು ಗ್ರಾಫಿಗೋಸ್ಕರ ನಿಮ್ಮ ಆ್ಯಪ್ ನೂರು ಎಂಬಿಗೂ ಜಾಸ್ತಿ ಊದಿಕೊಳ್ಳುತ್ತದೆ. 4 ಜಿಬಿ ರ್‍ಯಾಮ್‌ನ ಅಂಗಡಿ ಕಂಪ್ಯೂಟರ್‌ಗೆ ಇದು ಮದುವೆ ಮನೆಯ ಹಂಡೆಯಲ್ಲಿ ಒಂದು ಲೋಟ ಟೀ ಕಾಯಿಸಿದಂತೆ.

ಹೋಗಲಿ, ಅದೇ ಬೇಕು ಅನ್ನುವವರಿಗೆ ಒಂದು ಮಾತು. ಸೆಟ್ ಎಚ್‌ಟಿಎಂಎಲ್ ಮೂಲಕ ಕೊಡುವ ಪುಟ 2 ಎಂಬಿ ಮೀರಿದರೆ ವೆಬ್‌ಎಂಜಿನ್ ತೋರಿಸುವುದಿಲ್ಲ. ಪ್ಲಾಟ್ಲಿಯ ಜಾವಾಸ್ಕ್ರಿಪ್ಟ್ ಫೈಲೊಂದೇ ಅದನ್ನು ಮೀರುತ್ತದೆ. ಬಿಳಿ ಪರದೆ ಬರುತ್ತದೆ, ದೋಷದ ಸಂದೇಶವೂ ಕಣ್ಣಿಗೆ ಬೀಳುವುದಿಲ್ಲ. ಪುಟವನ್ನು ಫೈಲಾಗಿ ಬರೆದು, ಆ ಫೈಲನ್ನು ಲೋಡ್ ಮಾಡಿ. ಜಾವಾಸ್ಕ್ರಿಪ್ಟ್ ಅನ್ನು ಇಂಟರ್ನೆಟ್‌ನಿಂದ ತರಿಸುವ ಆಯ್ಕೆ ಹಾಕಬೇಡಿ, ನೆಟ್ ಹೋದ ದಿನ ಗ್ರಾಫೂ ಹೋಗುತ್ತದೆ.

ಕ್ಯೂಟಿ ಚಾರ್ಟ್ಸ್ ಕ್ಯೂಟಿಯದ್ದೇ, ನೋಡಲು ಅಚ್ಚುಕಟ್ಟು. ಆದರೆ ಅದರ ಲೈಸೆನ್ಸ್ ಜಿಪಿಎಲ್ (ಆ್ಯಪ್ ಕೊಟ್ಟರೆ ಕೋಡನ್ನೂ ತೆರೆದಿಡಬೇಕು ಎನ್ನುವುದು), ಮತ್ತೆ ಕ್ಯೂಟಿ 6.10ರಿಂದ ಅದನ್ನು ಬದಿಗೆ ಸರಿಸಿ ಕ್ಯೂಟಿ ಗ್ರಾಫ್ಸ್ ಕಡೆಗೆ ಹೋಗಿ ಎನ್ನುತ್ತಿದ್ದಾರೆ. ಹೊಸದಾಗಿ ಶುರು ಮಾಡುವವರು ಹಿಡಿಯಬೇಡಿ. ಡಬ್ಲ್ಯೂಎಕ್ಸ್‌ಪೈಥಾನ್ ಗೊತ್ತಿದ್ದವರಿಗೆ ಮ್ಯಾಟ್‌ಪ್ಲಾಟ್‌ಲಿಬ್ ಅಲ್ಲೂ ಕೂರುತ್ತದೆ. ಗೊತ್ತಿಲ್ಲದವರು ಇದಕ್ಕಾಗಿ ಕಲಿಯಬೇಕಿಲ್ಲ. ಕೋಟಿಗಟ್ಟಲೆ ಚುಕ್ಕೆ, ಮೂರು ಆಯಾಮದ ಮೋಡ ಎಂದರೆ ವಿಸ್‌ಪೈ ನೋಡಿ.

ಲೈಸೆನ್ಸ್, ಹಳೆಯ ಯಂತ್ರ, ಇಎಕ್ಸ್‌ಇ

ಕಾಲೇಜಿನ ಪ್ರಾಜೆಕ್ಟ್‌ಗೆ ಲೈಸೆನ್ಸ್ ತಲೆನೋವು ಇಲ್ಲ. ಅಂಗಡಿಗೆ ದುಡ್ಡು ತೆಗೆದುಕೊಂಡು, ಕೋಡ್ ತೋರಿಸದೆ ಕೊಡುವುದಾದರೆ ನೋಡಲೇಬೇಕು. ಕ್ಯೂಟಿಯನ್ನು ಪೈಥಾನ್‌ನಿಂದ ಬಳಸಲು ಪೈಕ್ಯೂಟಿ, ಪೈಸೈಡ್ ಎಂಬ ಎರಡು ಲೈಬ್ರರಿಗಳಿವೆ. ಪೈಕ್ಯೂಟಿ ರಿವರ್‌ಬ್ಯಾಂಕ್ ಕಂಪನಿಯದ್ದು, ಜಿಪಿಎಲ್ ಅಥವಾ ಹಣ ಕೊಟ್ಟು ಕೊಳ್ಳುವ ಲೈಸೆನ್ಸ್, ಎರಡೇ ದಾರಿ. ಪೈಸೈಡ್ ಕ್ಯೂಟಿ ಕಂಪನಿಯದ್ದೇ, ಎಲ್‌ಜಿಪಿಎಲ್. ಅದರ ಷರತ್ತು ಪಾಲಿಸಿದರೆ ನಿಮ್ಮ ಕೋಡ್ ಮುಚ್ಚಿಟ್ಟೂ ಮಾರಬಹುದು. ಬರೆಯುವ ರೀತಿಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಹಾಗಾಗಿ ಶುರುವಿನಲ್ಲೇ ಪೈಸೈಡ್ ಹಿಡಿಯಿರಿ. ಪೈಕ್ಯೂಟಿಗ್ರಾಫ್ ಎಂಐಟಿ ಲೈಸೆನ್ಸ್, ಮ್ಯಾಟ್‌ಪ್ಲಾಟ್‌ಲಿಬ್‌ನದ್ದೂ ಉದಾರವೇ.

ಕೋಡ್ ಬರೆಯುವ ಮೊದಲೇ ಹೋಗಿ ಆ ಅಂಗಡಿಯ ಕಂಪ್ಯೂಟರ್ ನೋಡಿ ಬನ್ನಿ. ವಿಂಡೋಸ್ 7 ಇದ್ದರೆ ಪೈಥಾನ್ 3.8ಕ್ಕಿಂತ ಮುಂದಿನದು ಅಲ್ಲಿ ಓಡುವುದಿಲ್ಲ. ಕ್ಯೂಟಿ 6ಕ್ಕೆ ವಿಂಡೋಸ್ 10 ಬೇಕು. ಆಗ ಕ್ಯೂಟಿ 5.15ರ ಕಾಲದ ಪೈಸೈಡ್ 2, ಅದಕ್ಕೆ ಹೊಂದುವ ಹಳೆಯ ಮ್ಯಾಟ್‌ಪ್ಲಾಟ್‌ಲಿಬ್, ಇವೇ ಗತಿ. ಇಲ್ಲವೇ ಟಿಕಿಂಟರ್. ಅದಕ್ಕೆ ಇಂಥ ಹಳೆಯ ಯಂತ್ರದಲ್ಲೇ ಜಾಸ್ತಿ ಬೆಲೆ.

ಪೈಥಾನ್ ಹಾಕದ ಯಂತ್ರದಲ್ಲೂ ನೇರ ತೆರೆಯುವ ಇಎಕ್ಸ್‌ಇ ಫೈಲ್ ಮಾಡಲು ಪೈಇನ್‌ಸ್ಟಾಲರ್ ಸಾಕು. ವಿಂಡೋಸ್ ಇಎಕ್ಸ್‌ಇ ಬೇಕಾದರೆ ವಿಂಡೋಸ್‌ನಲ್ಲೇ ಮಾಡಬೇಕು, ಉಬುಂಟುವಿನಿಂದ ಆಗುವುದಿಲ್ಲ. ಒಂದೇ ಯಂತ್ರದಲ್ಲಿ ಪೈಕ್ಯೂಟಿ, ಪೈಸೈಡ್ ಎರಡೂ ಇದ್ದು ಎರಡೂ ಒಳಗೆ ಬರುವಂತಾದರೆ ಹೊಸ ಆವೃತ್ತಿಗಳು ಕೆಲಸ ನಿಲ್ಲಿಸಿಬಿಡುತ್ತವೆ. ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಬೇಕಾದ ಒಂದನ್ನೇ ಹಾಕಿ. ಎಲ್ಲವನ್ನೂ ಒಂದೇ ಫೈಲಿಗೆ ತುಂಬಿದರೆ ಪ್ರತಿ ಸಲ ತೆರೆಯುವಾಗಲೂ ಅದು ತಾತ್ಕಾಲಿಕ ಜಾಗಕ್ಕೆ ಬಿಚ್ಚಿಕೊಳ್ಳುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಅಷ್ಟು ಹೊತ್ತು ಸ್ಕ್ರೀನ್ ಮೇಲೆ ಏನೂ ಕಾಣುವುದಿಲ್ಲ. ಗುಮಾಸ್ತರು ತೆರೆದಿಲ್ಲ ಎಂದುಕೊಂಡು ಮತ್ತೆ ಮತ್ತೆ ಒತ್ತುತ್ತಾರೆ, ಆಮೇಲೆ ನಾಲ್ಕು ವಿಂಡೋ ಒಟ್ಟಿಗೆ ತೆರೆಯುತ್ತವೆ. ಒಂದು ಫೋಲ್ಡರ್ ಆಗಿ ಮಾಡುವ ಆಯ್ಕೆ ಇದೆ, ಅದನ್ನೇ ಬಳಸಿ ಶಾರ್ಟ್‌ಕಟ್ ಮಾತ್ರ ಡೆಸ್ಕ್‌ಟಾಪ್ ಮೇಲಿಡಿ. ಕನ್ನಡದ ಫಾಂಟ್ ಫೈಲನ್ನೂ ಆ ಫೋಲ್ಡರ್‌ನಲ್ಲೇ ಹಾಕಿ, ಆ್ಯಪ್ ಶುರುವಾಗುವಾಗ ಅಲ್ಲಿಂದ ಲೋಡ್ ಮಾಡಿಸಿ. ನಿಮ್ಮ ಯಂತ್ರದಲ್ಲಿ ಇರುವ ನೋಟೋ ಫಾಂಟ್ ಅಲ್ಲಿ ಇರಲಿಕ್ಕಿಲ್ಲ.